ಕೊಂಡ ಯಂತ್ರವೋ, ಕಟ್ಟಿದ ಯಂತ್ರವೋ

ಪಿಯುಸಿ ಫಲಿತಾಂಶ ಬಂದ ಮೇಲೆಯೋ, ಮೊದಲ ಸಂಬಳ ಕೈಸೇರಿದ ತಿಂಗಳಿನಲ್ಲಿಯೋ, ನಮ್ಮ ಅನೇಕ ಮನೆಗಳಲ್ಲಿ ಈಗ ಒಂದು ಪ್ರಸ್ತಾಪ ತಲೆಯೆತ್ತುವುದುಂಟು: ಒಳ್ಳೆಯ ಆಟಗಳನ್ನು ಆಡುವುದಕ್ಕೆ ತಕ್ಕ ಕಂಪ್ಯೂಟರೊಂದು ಬೇಕು ಎಂಬುದು. ಆ ಬೇಡಿಕೆ ಯುಕ್ತವೋ ಅಯುಕ್ತವೋ ಎಂಬ ವಿಚಾರವನ್ನು ಆಯಾ ಮನೆಯ ಹಿರಿಯರಿಗೇ ಬಿಟ್ಟುಬಿಡೋಣ. ಒಪ್ಪಿಗೆ ದೊರೆತ ಮರುಗಳಿಗೆಯಲ್ಲಿ ಹುಟ್ಟುವ ಎರಡನೆಯ ಪ್ರಶ್ನೆಯೇ ಈ ಲೇಖನದ ವಿಷಯ. ಹೆಸರಾಂತ ಕಂಪನಿಯೊಂದು ಜೋಡಿಸಿ, ಮೊಹರು ಹಾಕಿ ಕಳುಹಿಸಿದ ಸಿದ್ಧಯಂತ್ರವನ್ನು ಕೊಳ್ಳುವುದು ಲೇಸೋ, ಅಥವಾ ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್ ಮೊದಲಾದ ಅಂಗಗಳನ್ನು ಒಂದೊಂದಾಗಿ ಆರಿಸಿ ತಂದು ತಾನೇ ಕೂಡಿಸಿಕೊಳ್ಳುವುದು ಲೇಸೋ? ಅಂಗಡಿಯ ಮಾತಿನಲ್ಲಿ ಮೊದಲನೆಯದು ಬ್ರಾಂಡೆಡ್, ಎರಡನೆಯದು ಅಸೆಂಬಲ್ಡ್.

ಈ ಪ್ರಶ್ನೆಯನ್ನು ಹಿಡಿದು ಬರುವವರು ಸಾಮಾನ್ಯವಾಗಿ ಮೊದಲು ಎತ್ತುವುದು ಬೆಲೆಯ ಮಾತನ್ನು. ಬೆಲೆ ಅಲ್ಪವಿಷಯವೆಂದು ನಾನು ಹೇಳಲಾರೆ. ಮಧ್ಯಮವರ್ಗದ ಸಂಸಾರವೊಂದಕ್ಕೆ ಎಪ್ಪತ್ತು ಎಂಬತ್ತು ಸಾವಿರ ರೂಪಾಯಿ ಎಂದರೆ ಅದು ಎಷ್ಟೋ ತಿಂಗಳುಗಳ ಉಳಿತಾಯ. ಆದರೆ ಇವೆರಡರ ನಡುವಣ ಬೆಲೆಯ ಅಂತರ ವರ್ಷದಿಂದ ವರ್ಷಕ್ಕೆ ತಿರುಗುಮುರುಗಾಗುವಂಥದು. ಒಮ್ಮೆ ಕಟ್ಟಿದ್ದು ಅಗ್ಗ, ಇನ್ನೊಮ್ಮೆ ಕೊಂಡದ್ದು ಅಗ್ಗ. ಹಾಗೆ ಬದಲಾಗದೆ ನಿಲ್ಲುವ ಪ್ರಶ್ನೆ ಬೇರೊಂದಿದೆ. ಆ ಪೆಟ್ಟಿಗೆಯೊಳಗೆ ಏನೇನಿದೆಯೆಂಬುದು ಅದರ ಒಡೆಯನಿಗೆ ಗೊತ್ತಿದೆಯೇ? ಅದರಲ್ಲಿ ಒಂದು ಅಂಗ ಕೆಟ್ಟ ದಿನ, ಅಥವಾ ಹಳತಾದ ದಿನ, ಅದೊಂದನ್ನೇ ತೆಗೆದು ಅದರ ಸ್ಥಾನದಲ್ಲಿ ಮಾರುಕಟ್ಟೆಯ ಇನ್ನೊಂದನ್ನು ಇಡುವುದಕ್ಕೆ ಬರುತ್ತದೆಯೇ? ಈ ಎರಡಕ್ಕೂ ಹೌದೆಂಬ ಉತ್ತರ ದೊರೆಯುವುದಾದರೆ ತಿರುಪುಗಳನ್ನು ಬಿಗಿದವರು ಯಾರೆಂಬುದು ಗೌಣ. ದೊರೆಯದಿದ್ದರೆ, ಎಷ್ಟೇ ದೊಡ್ಡ ಹೆಸರನ್ನು ಹೊತ್ತಿದ್ದರೂ ಆ ಯಂತ್ರ ಪೂರ್ಣವಾಗಿ ನಮ್ಮದಾಗುವುದಿಲ್ಲ. ನನ್ನ ಅಭಿಪ್ರಾಯವನ್ನು ಮುಚ್ಚಿಡದೆ ಹೇಳಿಬಿಡುತ್ತೇನೆ: ತಾಳ್ಮೆಯೂ ಒಂದು ಬಿಡುವಿನ ದಿನವೂ ಉಳ್ಳವರು ಕಟ್ಟಿಕೊಳ್ಳುವುದೇ ಮೇಲು. ಆದರೆ ಎಲ್ಲರಿಗೂ ಅದೇ ಮೇಲೆಂದು ಸಾಧಿಸುವ ಉತ್ಸಾಹಿಗಳ ಪಂಕ್ತಿಯಲ್ಲಿ ನಾನಿಲ್ಲ.

ಹೀಗೆ ಬಿಡಿಬಿಡಿಯಾಗಿ ತಂದು ಕೂಡಿಸುವುದು ಸಾಧ್ಯವಾದುದಾದರೂ ಹೇಗೆ? ಟೀವಿಯನ್ನಾಗಲಿ ಮೊಬೈಲ್ ಫೋನನ್ನಾಗಲಿ ಯಾರೂ ಮನೆಯಲ್ಲಿ ಜೋಡಿಸಿಕೊಳ್ಳುವುದಿಲ್ಲ. ಕಂಪ್ಯೂಟರಿಗೆ ಮಾತ್ರ ಈ ಸ್ವಾತಂತ್ರ್ಯ ಒದಗಿಬಂದುದಕ್ಕೆ ಒಂದು ಚರಿತ್ರೆಯಿದೆ. 1981ರ ಆಗಸ್ಟ್ ತಿಂಗಳಿನಲ್ಲಿ ಐಬಿಎಂ ಕಂಪನಿ ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಾಗ, ಫ್ಲಾರಿಡಾದ ಬೋಕಾ ರಟೋನ್‌ನಲ್ಲಿದ್ದ ಅದರ ತಂಡ ಕಾರ್ಯವನ್ನು ಶೀಘ್ರವಾಗಿ ಮುಗಿಸಬೇಕೆಂಬ ತ್ವರೆಯಿಂದ, ಪ್ರತಿಯೊಂದು ಅಂಗವನ್ನೂ ತಾನೇ ನಿರ್ಮಿಸದೆ, ಪ್ರೊಸೆಸರನ್ನು ಇಂಟೆಲ್‌ನಿಂದಲೂ ಕಾರ್ಯಾಚರಣ ವ್ಯವಸ್ಥೆಯನ್ನು ಮೈಕ್ರೋಸಾಫ್ಟ್‌ನಿಂದಲೂ ತರಿಸಿಕೊಂಡಿತು. ಇತರರು ತಮ್ಮ ಕಾರ್ಡುಗಳನ್ನು ತಯಾರಿಸಿ ಸಿಕ್ಕಿಸಲೆಂದು ಒಳಗೆ ಖಾಲಿ ಸ್ಥಳಗಳನ್ನು ಬಿಟ್ಟಿತು. ಯಂತ್ರದ ವಿದ್ಯುನ್ಮಂಡಲಗಳ ನಕ್ಷೆಯನ್ನು ಪುಸ್ತಕರೂಪದಲ್ಲಿ ಪ್ರಕಟಿಸಿಯೂ ಬಿಟ್ಟಿತು. ಮರುವರ್ಷ ಹೂಸ್ಟನ್ ನಗರದಲ್ಲಿ ಸ್ಥಾಪಿತವಾದ ಕಾಂಪ್ಯಾಕ್ ಕಂಪನಿ, ಐಬಿಎಂ ತನ್ನ ಸ್ವತ್ತಾಗಿ ಉಳಿಸಿಕೊಂಡಿದ್ದ ಬಯೋಸ್ ಎಂಬ ಮೂಲತಂತ್ರಾಂಶವನ್ನು ನಕಲು ಮಾಡದೆ, ಅದರ ವರ್ತನೆಯನ್ನಷ್ಟೇ ನೋಡಿ ಹೊಸದಾಗಿ ಬರೆಯಿಸಿಕೊಂಡಿತು. ಅಲ್ಲಿಂದ ಮುಂದೆ ಈ ಬಗೆಯ ಯಂತ್ರ ಯಾರೊಬ್ಬರ ಏಕಸ್ವಾಮ್ಯವಾಗಿಯೂ ಉಳಿಯಲಿಲ್ಲ. 1984ರಲ್ಲಿ ಮೈಕೆಲ್ ಡೆಲ್ ಎಂಬ ವಿದ್ಯಾರ್ಥಿ ಆಸ್ಟಿನ್ ನಗರದ ಟೆಕ್ಸಾಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಲಯದ ಕೋಣೆಯಲ್ಲಿ ಕುಳಿತು ಕಂಪ್ಯೂಟರ್ ವ್ಯಾಪಾರವನ್ನು ಆರಂಭಿಸಿದನೆಂಬುದನ್ನು ನೆನೆದರೆ, ಇಂದು ಬ್ರಾಂಡೆಡ್ ಎನಿಸಿಕೊಂಡಿರುವುದರ ಮೂಲದಲ್ಲಿಯೂ ಕೋಣೆಯಲ್ಲಿ ಕುಳಿತು ಯಂತ್ರವನ್ನು ಬಿಚ್ಚಿ ಕೂಡಿಸಿದ ಕೈಗಳೇ ಇದ್ದುವೆಂಬುದು ಸ್ಪಷ್ಟವಾಗುತ್ತದೆ.

ಈ ಕಥೆಯಲ್ಲಿ ನಮಗೆ ಅತ್ಯಂತ ಉಪಕಾರ ಮಾಡಿದ ಘಟನೆ 1995ರದು. ಆ ವರ್ಷ ಇಂಟೆಲ್ ಕಂಪನಿ ಎಟಿಎಕ್ಸ್ ಎಂಬ ಮಾನವೊಂದನ್ನು ಗೊತ್ತುಮಾಡಿತು: ಮದರ್‌ಬೋರ್ಡಿನ ಉದ್ದಗಲ 305 ಮತ್ತು 244 ಮಿಲಿಮೀಟರ್, ತಿರುಪಿನ ರಂಧ್ರಗಳು ಇಂತಿಂಥ ಕಡೆ, ವಿದ್ಯುತ್ತನ್ನು ಒದಗಿಸುವ ಎಸ್‌ಎಂಪಿಎಸ್‌ನಿಂದ ಬರುವ ತಂತಿಗಳ ಕೂಡುಕೊಂಡಿ ಇಂಥ ಆಕಾರದ್ದು ಎಂದು. ಕಾಲಕ್ರಮದಲ್ಲಿ ಅದಕ್ಕೆ ಪರಿಷ್ಕಾರಗಳಾದುವು, ಕಿರಿಯ ಗಾತ್ರದ ಸೋದರ ಮಾನಗಳು ಹುಟ್ಟಿದುವು. ಆದರೆ ತಳಹದಿ ಉಳಿದುಕೊಂಡಿತು. ತೈವಾನಿನಲ್ಲಿ ತಯಾರಾದ ಬೋರ್ಡು ಚೀನಾದಲ್ಲಿ ತಯಾರಾದ ಕ್ಯಾಬಿನೆಟ್ಟಿನೊಳಗೆ, ಪರಸ್ಪರ ಮುಖ ನೋಡದ ಎರಡು ಕಂಪನಿಗಳ ನಡುವೆ ಯಾವ ಕರಾರೂ ಇಲ್ಲದೆ, ಒಂದು ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಕುಳಿತುಕೊಳ್ಳುವುದಕ್ಕೆ ಇದೇ ಕಾರಣ. ಆಟಗಳ ಲೋಕವಾದರೂ ಇದೇ ಕಾಲದಲ್ಲಿ ಬೆಳೆದದ್ದು. 1993ರಲ್ಲಿ ಡೂಮ್, 1996ರಲ್ಲಿ ಕ್ವೇಕ್ ಬಂದುವು. ಮೂರು ಆಯಾಮಗಳ ಚಿತ್ರವನ್ನು ರಚಿಸುವುದಕ್ಕೆಂದೇ ಪ್ರತ್ಯೇಕ ಕಾರ್ಡುಗಳು ಮಾರಾಟಕ್ಕೆ ಬಂದುವು. ಆಟಗಾರರಿಗಾಗಿಯೇ ಯಂತ್ರಗಳನ್ನು ಜೋಡಿಸಿ ಮಾರುವ ಏಲಿಯನ್‌ವೇರ್ 1996ರಲ್ಲಿ ಮಯಾಮಿಯಲ್ಲಿ ಆರಂಭವಾಯಿತು. ಅದನ್ನು 2006ರಲ್ಲಿ ಡೆಲ್ ಕೊಂಡುಕೊಂಡಿತು.

ನಮ್ಮ ನಾಡಿನ ಮಟ್ಟಿಗೆ ಈ ಸ್ವಾತಂತ್ರ್ಯ ಕಣ್ಣಿಗೆ ಕಾಣುವಂತೆ ನೆಲಸಿರುವುದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ. ಟೌನ್ ಹಾಲಿಗೆ ಅನತಿದೂರದಲ್ಲಿರುವ ಈ ಸಾದರ ಪತ್ರಪ್ಪ ರಸ್ತೆಯ ಇಕ್ಕೆಲಗಳಲ್ಲಿಯೂ ಸಂದುಗಳಲ್ಲಿಯೂ ಮಹಡಿಗಳ ಮೇಲೂ ಕಂಪ್ಯೂಟರಿನ ಬಿಡಿಭಾಗಗಳ ಅಂಗಡಿಗಳು ಒತ್ತಾಗಿ ಸೇರಿಕೊಂಡಿವೆ. ದೆಹಲಿಗೆ ನೆಹರು ಪ್ಲೇಸ್, ಮುಂಬಯಿಗೆ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈಗೆ ರಿಚಿ ಸ್ಟ್ರೀಟ್ ಹೇಗೋ ಬೆಂಗಳೂರಿಗೆ ಇದು ಹಾಗೆ. ಅಂಗಡಿಯ ಮೆಟ್ಟಿಲು ಹತ್ತಿದೊಡನೆ ಎದುರಾಗುವ ಮೊದಲ ಪ್ರಶ್ನೆ, “ಬಜೆಟ್ ಎಷ್ಟು ಸರ್?” ಎಂಬುದು. ಉತ್ತರ ಹೇಳಿದರೆ ಕಾಗದದ ಮೇಲೋ ವಾಟ್ಸ್ಆ್ಯಪಿನಲ್ಲೋ ಒಂದು ಕೊಟೇಶನ್ ಸಿದ್ಧವಾಗುತ್ತದೆ. ಅದಕ್ಕೆ ಒಪ್ಪಿದರೆ ಅಂಗಡಿಯ ಹುಡುಗನೇ ಎಲ್ಲವನ್ನೂ ಜೋಡಿಸಿ, ಚಾಲೂ ಮಾಡಿ ತೋರಿಸಿ ಕಳುಹಿಸುತ್ತಾನೆ. ಹೀಗಾಗಿ ನಮ್ಮಲ್ಲಿರುವುದು ಎರಡು ದಾರಿಗಳಲ್ಲ, ಮೂರು. ಸಿದ್ಧಯಂತ್ರ ಒಂದು, ಸ್ವಹಸ್ತದಿಂದ ಕಟ್ಟಿದ್ದು ಇನ್ನೊಂದು. ತಾನು ಆರಿಸಿದ ಅಂಗಗಳನ್ನು ತನ್ನ ಕಣ್ಣೆದುರಿಗೆ ಬೇರೊಬ್ಬನಿಂದ ಜೋಡಿಸಿಕೊಂಡದ್ದು ಮೂರನೆಯದು. ಈ ಮೂರನೆಯ ದಾರಿಗೆ ಸಲ್ಲಬೇಕಾದ ಗೌರವ ಸಂದಿಲ್ಲವೆಂದು ನನಗೆ ಅನ್ನಿಸುತ್ತದೆ. ಮೇಸ್ತ್ರಿಯ ಪಕ್ಕದಲ್ಲಿ ನಿಂತು ತಳಪಾಯಕ್ಕೆ ಬಿದ್ದ ಕಲ್ಲನ್ನು ನೋಡಿದ ಮನೆಯೊಡೆಯನಿಗೆ ತನ್ನ ಮನೆಯ ವಿಷಯದಲ್ಲಿ ಇರುವ ತಿಳಿವಳಿಕೆ, ಗಾರೆ ಕಲಸಿದವನು ತಾನಲ್ಲವೆಂಬ ಕಾರಣದಿಂದ ಕಡಮೆಯಾಗುವುದಿಲ್ಲವಷ್ಟೆ.

ಆದರೂ ಒಮ್ಮೆಯಾದರೂ ಸ್ವಂತ ಕೈಯಿಂದ ಕಟ್ಟಿನೋಡುವುದರಲ್ಲಿ ಇರುವ ಲಾಭ ಬೇರೆ. ಆ ಕೆಲಸವನ್ನು ಹತ್ತಿರದಿಂದ ನೋಡೋಣ. ಅಗಲವಾದ ಮೇಜು, ನಕ್ಷತ್ರದ ಮೊನೆಯ ಒಂದೇ ಒಂದು ಸ್ಕ್ರೂಡ್ರೈವರ್, ಚೆನ್ನಾದ ಬೆಳಕು, ಇಷ್ಟಿದ್ದರೆ ಸಾಕು. ಬೆಸುಗೆಯ ಕೆಲಸ ಎಲ್ಲಿಯೂ ಇಲ್ಲ. ಮೈಯಲ್ಲಿ ಸಂಚಯವಾಗಿರುವ ಸ್ಥಿರವಿದ್ಯುತ್ತು ಹರಿದುಹೋಗಲೆಂದು ಮೊದಲು ಕ್ಯಾಬಿನೆಟ್ಟಿನ ಬರಿಯ ಲೋಹವನ್ನು ಮುಟ್ಟಿ, ಅನಂತರ ಮದರ್‌ಬೋರ್ಡನ್ನು ಅದರ ರಟ್ಟಿನ ಪೆಟ್ಟಿಗೆಯ ಮೇಲೆಯೇ ಇಟ್ಟುಕೊಳ್ಳುತ್ತಾರೆ. ಪ್ರೊಸೆಸರ್ ಕೂರಬೇಕಾದ ಸಾಕೆಟ್ಟಿನ ಪಕ್ಕದ ಸಣ್ಣ ಸನ್ನೆಯನ್ನು ಎತ್ತಿದರೆ ಚೌಕಟ್ಟು ತೆರೆದುಕೊಂಡು ಒಳಗಿನ ಸೂಕ್ಷ್ಮ ಕಡ್ಡಿಗಳ ಹಾಸು ಕಾಣಿಸುತ್ತದೆ. ಎಎಂಡಿ ಕಂಪನಿಯ ಎಎಂ5 ಸಾಕೆಟ್ಟಿನಲ್ಲಿ ಇವುಗಳ ಸಂಖ್ಯೆ 1718. ಒಂದು ಬಾಗಿದರೂ ಬೋರ್ಡು ಕೆಟ್ಟಂತೆಯೇ; ಆದುದರಿಂದ ಅದರ ಮೇಲೆ ಬೆರಳಾಡಿಸುವುದು ಕೂಡದು. ಪ್ರೊಸೆಸರಿನ ಒಂದು ಮೂಲೆಯಲ್ಲಿ ಹೊಂಬಣ್ಣದ ಪುಟ್ಟ ತ್ರಿಕೋನವಿರುತ್ತದೆ, ಸಾಕೆಟ್ಟಿನ ಮೂಲೆಯಲ್ಲಿಯೂ ಅಂಥದೇ ಗುರುತಿರುತ್ತದೆ. ಎರಡನ್ನೂ ಹೊಂದಿಸಿ, ಅದುಮದೆ, ತನ್ನ ಭಾರದಿಂದ ತಾನೇ ಕುಳಿತುಕೊಳ್ಳುವಂತೆ ಬಿಡಬೇಕು. ಆಮೇಲೆ ಸನ್ನೆಯನ್ನು ಕೆಳಕ್ಕೆ ತರುವಾಗ ಕೈಗೆ ಬಲವಾದ ಪ್ರತಿರೋಧ ತಗಲುತ್ತದೆ, ಕಿರಗುಟ್ಟುವ ಸಣ್ಣ ಸದ್ದೂ ಕೇಳಿಸುತ್ತದೆ. ಮೇಲಿದ್ದ ಪ್ಲಾಸ್ಟಿಕ್ ಮುಚ್ಚಳ ತಾನಾಗಿಯೇ ಕಳಚಿ ಹಾರುತ್ತದೆ. ಹೊಸಬರು ಎದೆಗುಂದುವುದು ಇಲ್ಲಿಯೇ. ಅದು ಮುರಿದ ಸದ್ದಲ್ಲ, ಪ್ರತಿಯೊಂದು ಕಡ್ಡಿಗೂ ಸಮನಾದ ಒತ್ತಡ ಬೀಳುತ್ತಿರುವ ಲಕ್ಷಣ.

ಉಳಿದುದು ಕ್ರಮವಾಗಿ ಸಾಗುತ್ತದೆ. ಎರಡು ರ‍್ಯಾಮ್ ಪಟ್ಟಿಗಳಿದ್ದರೆ ಅವುಗಳನ್ನು ಪ್ರೊಸೆಸರಿನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಥಾನಗಳಲ್ಲಿ, ಟಕ್ಕೆಂದು ಕೊಂಡಿ ಕೂರುವವರೆಗೆ ಒತ್ತಬೇಕು. ಪ್ರೊಸೆಸರಿನ ಬೆನ್ನಿಗೆ ಬಟಾಣಿಯಷ್ಟು ಥರ್ಮಲ್ ಪೇಸ್ಟ್ ಇಟ್ಟು ಅದರ ಮೇಲೆ ಕೂಲರನ್ನು ಕೂರಿಸಿ, ಕರ್ಣರೇಖೆಯಲ್ಲಿ ಎದುರುಬದುರಾದ ತಿರುಪುಗಳನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿಯಬೇಕು. ಬೋರ್ಡನ್ನು ಕ್ಯಾಬಿನೆಟ್ಟಿನೊಳಗೆ ಬಿಗಿದ ಮೇಲೆ, ಕ್ಯಾಬಿನೆಟ್ಟಿನ ಮುಂದಿನ ಗುಂಡಿಗಳಿಂದ ಬರುವ ಎಳೆತಂತಿಗಳನ್ನು ಬೋರ್ಡಿನ ಕೆಳಮೂಲೆಯ ಸೂಜಿಯಂಥ ಮೊನೆಗಳಿಗೆ ಸಿಕ್ಕಿಸುವುದೇ ಇಡೀ ಕಾರ್ಯದಲ್ಲಿ ಅತ್ಯಂತ ಬೇಸರದ ಭಾಗ. ಕೊನೆಯಲ್ಲಿ ಗ್ರಾಫಿಕ್ಸ್ ಕಾರ್ಡ್. ಮಾನಿಟರಿನ ಕೇಬಲನ್ನು ಮದರ್‌ಬೋರ್ಡಿಗಲ್ಲ, ಈ ಕಾರ್ಡಿಗೇ ಜೋಡಿಸಬೇಕೆಂಬುದನ್ನು ಮರೆತು, ಸಾವಿರಾರು ರೂಪಾಯಿ ಕೊಟ್ಟ ಕಾರ್ಡನ್ನು ನಿರುದ್ಯೋಗಿಯಾಗಿ ಕೂರಿಸಿದವರೂ ಉಂಟು. ಗುಂಡಿಯೊತ್ತಿದ ಮೇಲೆ ಪಂಖಗಳು ತಿರುಗುತ್ತವೆ, ದೀಪಗಳು ಹತ್ತುತ್ತವೆ, ಪರದೆ ಮಾತ್ರ ಕಪ್ಪಾಗಿಯೇ ಇರುತ್ತದೆ. ಡಿಡಿಆರ್5 ರ‍್ಯಾಮ್ ಇರುವ ಯಂತ್ರಗಳು ಮೊದಲ ಸಲ ಎದ್ದಾಗ ಮೆಮೊರಿಯ ವೇಗವನ್ನು ಪರೀಕ್ಷಿಸಿ ಹೊಂದಿಸಿಕೊಳ್ಳುವುದಕ್ಕೆ ಕೆಲವು ನಿಮಿಷಗಳನ್ನೇ ತೆಗೆದುಕೊಳ್ಳುವುದುಂಟು. ಆ ಅವಧಿಯಲ್ಲಿ ಗಾಬರಿಯಿಂದ ಗುಂಡಿಯನ್ನು ಮತ್ತೆ ಮತ್ತೆ ಒತ್ತದೆ ಸುಮ್ಮನೆ ಕಾಯುವವನು ಜಾಣ.

ಇಷ್ಟನ್ನು ಒಮ್ಮೆ ಮಾಡಿದವನಿಗೆ ಆಗುವ ಪ್ರಯೋಜನ, ಜೋಡಣೆಗೆಂದು ಅಂಗಡಿಯವನಿಗೆ ಕೊಡಬೇಕಾಗಿದ್ದ ಸಣ್ಣ ಮೊತ್ತದ ಉಳಿತಾಯವಲ್ಲ. ಎರಡು ವರ್ಷಗಳ ತರುವಾಯ ಆಟದ ಮಧ್ಯೆ ಯಂತ್ರ ಥಟ್ಟನೆ ಆರಿಹೋದರೆ, ಇದು ಬಿಸಿಯ ದೋಷವೋ, ಎಸ್‌ಎಂಪಿಎಸ್‌ನ ದೋಷವೋ, ಸಡಿಲಗೊಂಡ ರ‍್ಯಾಮಿನ ದೋಷವೋ ಎಂದು ವಿಚಾರ ಮಾಡುವ ಶಕ್ತಿ ಅವನಲ್ಲಿ ಹುಟ್ಟಿರುತ್ತದೆ. ಹದಿನೇಳು ಹದಿನೆಂಟರ ಹರೆಯದ ಹುಡುಗನಿಗೋ ಹುಡುಗಿಗೋ ಇದು ದೊರೆತರೆ ಆ ಯಂತ್ರಕ್ಕೆ ಕೊಟ್ಟ ಹಣದ ಒಂದಂಶ ವಿದ್ಯೆಗಾಗಿಯೇ ವ್ಯಯವಾಯಿತೆಂದು ತಂದೆತಾಯಿಗಳು ಧಾರಾಳವಾಗಿ ಎಣಿಸಬಹುದು.

ಇನ್ನು ಸಿದ್ಧಯಂತ್ರದ ಒಳಭಾಗ. ದೊಡ್ಡ ಕಂಪನಿಗಳ ಕೆಲವು ಮಾದರಿಗಳ ಪಕ್ಕದ ಬಾಗಿಲನ್ನು ತೆಗೆದು ನೋಡಿದರೆ, ನಾನು ಮೇಲೆ ಹೇಳಿದ 1995ರ ಮಾನ ಅಲ್ಲಿ ಎಷ್ಟರಮಟ್ಟಿಗೆ ಲೋಪವಾಗಿದೆಯೆಂಬುದು ಕಾಣಿಸುತ್ತದೆ. ಮದರ್‌ಬೋರ್ಡಿನ ಆಕಾರ ಆ ಕ್ಯಾಬಿನೆಟ್ಟಿಗೆ ಮಾತ್ರ ಒಪ್ಪುವಂಥದು. ಎಸ್‌ಎಂಪಿಎಸ್‌ನ ಕೊಂಡಿ ಎಲ್ಲೆಡೆ ಸಿಗುವ 24 ಕಡ್ಡಿಗಳದಲ್ಲ, ಆ ಕಂಪನಿಯದೇ ಆದ ಬೇರೆ ಬಗೆಯದು. ಮುಂಭಾಗದ ಗುಂಡಿಗಳ ತಂತಿಗಳು ಸಹ ಬೇರೆ. ಹೊಸ ಗ್ರಾಫಿಕ್ಸ್ ಕಾರ್ಡಿಗೆ ಇನ್ನಷ್ಟು ವಿದ್ಯುತ್ತು ಬೇಕಾಗಿ ಎಸ್‌ಎಂಪಿಎಸ್ ಬದಲಿಸಹೊರಟರೆ ಮಾರುಕಟ್ಟೆಯ ಯಾವುದೂ ಅದಕ್ಕೆ ಕೂಡುವುದಿಲ್ಲ. ಬೋರ್ಡು ಕೆಟ್ಟರೆ ಅದೇ ಕಂಪನಿಯ ಬಾಗಿಲಿಗೇ ಹೋಗಬೇಕು. ವಾರಂಟಿ ಮುಗಿದಿದ್ದರೆ ಆ ಒಂದು ಹಲಗೆಗೆ ಕೇಳುವ ಬೆಲೆಯನ್ನು ಕೊಡುವುದಕ್ಕಿಂತ ಯಂತ್ರವನ್ನೇ ತ್ಯಜಿಸುವುದು ಮೇಲೆನ್ನಿಸುತ್ತದೆ. ಚೆನ್ನಾಗಿಯೇ ಇರುವ ಪ್ರೊಸೆಸರು, ಚೆನ್ನಾಗಿಯೇ ಇರುವ ರ‍್ಯಾಮು ಒಂದು ಕೊಂಡಿಯ ದೆಸೆಯಿಂದ ನಿರರ್ಥಕವಾಗುವುದನ್ನು ಕಂಡರೆ ನನಗೆ ಮರುಕವೂ ಆಗುತ್ತದೆ, ಕೋಪವೂ ಬರುತ್ತದೆ. ಇದು ಎಲ್ಲ ಸಿದ್ಧಯಂತ್ರಗಳ ದೋಷವಲ್ಲವೆಂಬುದನ್ನೂ ಕೂಡಲೇ ಹೇಳಬೇಕು. ಮಾರುಕಟ್ಟೆಯ ಬಿಡಿಭಾಗಗಳನ್ನೇ ಜೋಡಿಸಿ, ಪ್ರತಿಯೊಂದರ ಹೆಸರನ್ನೂ ಬಿಲ್ಲಿನಲ್ಲಿ ನಮೂದಿಸಿ ಕಳುಹಿಸುವ ವ್ಯಾಪಾರಿಗಳು ನಮ್ಮ ದೇಶದಲ್ಲಿಯೂ ಇದ್ದಾರೆ. ಅಂಥವರಿಂದ ಕೊಂಡ ಯಂತ್ರಕ್ಕೂ ಮನೆಯಲ್ಲಿ ಕಟ್ಟಿದ ಯಂತ್ರಕ್ಕೂ ಗುಣದಲ್ಲಿ ವ್ಯತ್ಯಾಸವಿಲ್ಲ.

ಸಿದ್ಧಯಂತ್ರದ ಜಾಹೀರಾತು ಹೇಳುವುದಕ್ಕಿಂತ ಹೇಳದೆ ಬಿಡುವುದನ್ನು ಗಮನಿಸತಕ್ಕದ್ದು. ಪ್ರೊಸೆಸರಿನ ಹೆಸರು, ಗ್ರಾಫಿಕ್ಸ್ ಕಾರ್ಡಿನ ಹೆಸರು ದಪ್ಪಕ್ಷರಗಳಲ್ಲಿರುತ್ತವೆ, ಏಕೆಂದರೆ ಕೊಳ್ಳುವವನು ಕೇಳುವುದು ಅವೆರಡನ್ನೇ. ಎಸ್‌ಎಂಪಿಎಸ್ ಯಾವ ಕಂಪನಿಯದು, ಮದರ್‌ಬೋರ್ಡ್ ಯಾವ ಮಾದರಿ, ರ‍್ಯಾಮ್ ಒಂದೇ ಪಟ್ಟಿಯೋ ಎರಡೋ ಎಂಬುದು ಅನೇಕ ವೇಳೆ ಎಲ್ಲಿಯೂ ಇರುವುದಿಲ್ಲ. 16 ಜಿಬಿ ರ‍್ಯಾಮ್ ಎಂದು ಬರೆದಿರುವುದು ನಿಜವೇ. ಆದರೆ ಅದು 8ರ ಎರಡು ಪಟ್ಟಿಗಳಾಗಿದ್ದರೆ ಪ್ರೊಸೆಸರಿಗೂ ಮೆಮೊರಿಗೂ ನಡುವೆ ಎರಡು ಹಾದಿಗಳು ತೆರೆಯುತ್ತವೆ, 16ರ ಒಂದೇ ಪಟ್ಟಿಯಾಗಿದ್ದರೆ ಒಂದೇ ಹಾದಿ. ಅನೇಕ ಆಟಗಳಲ್ಲಿ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಆ ರ‍್ಯಾಮಿನ ಮೇಲೆ 6000 ಎಂಬ ವೇಗದ ಅಂಕಿ ಅಚ್ಚಾಗಿದ್ದರೂ, ಬಯೋಸಿನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ಆಯ್ಕೆಯನ್ನು ಯಾರೂ ಚಾಲೂ ಮಾಡದಿದ್ದರೆ ಅದು 4800ರಂಥ ಸಾಧಾರಣ ವೇಗದಲ್ಲಿಯೇ ವರ್ಷಗಟ್ಟಲೆ ನಡೆಯುತ್ತಿರುತ್ತದೆ. ಗ್ರಾಫಿಕ್ಸ್ ಕಾರ್ಡಿನ ವಿಷಯದಲ್ಲಿಯೂ ಎಚ್ಚರ ಬೇಕು. 2025ರಲ್ಲಿ ಬಂದ ಎನ್ವಿಡಿಯಾದ ಆರ್‌ಟಿಎಕ್ಸ್ 5060 ಟಿಐ ಎಂಬ ಒಂದೇ ಹೆಸರಿನಲ್ಲಿ 8 ಜಿಬಿಯದೂ 16 ಜಿಬಿಯದೂ ಇವೆ. ಹೊಸ ಆಟಗಳನ್ನು ಉನ್ನತ ಮಟ್ಟದ ಚಿತ್ರಣದಲ್ಲಿ ಆಡುವವನಿಗೆ ಅವೆರಡೂ ಒಂದೇ ಕಾರ್ಡಲ್ಲ.

ಎಸ್‌ಎಂಪಿಎಸ್‌ನ ವಿಷಯದಲ್ಲಿ ನಾನು ಸ್ವಲ್ಪ ಹೆಚ್ಚಾಗಿಯೇ ಹೇಳುವೆನು, ಏಕೆಂದರೆ ಹಣ ಉಳಿಸುವ ಆಸೆ ಎಲ್ಲರಲ್ಲಿಯೂ ಮೊದಲು ಕೈಹಾಕುವುದು ಇದರ ಮೇಲೆ. ಕಂಪನಿಯೂ ಇದರಲ್ಲಿಯೇ ಉಳಿಸುತ್ತದೆ, ಅಂಗಡಿಯ ಕೊಟೇಶನ್ನೂ ಇದರಲ್ಲಿಯೇ ಉಳಿಸುತ್ತದೆ, ಸ್ವತಃ ಕಟ್ಟುವ ಹುಡುಗನೂ ಇನ್ನೊಂದು ಮೆಟ್ಟಿಲು ಮೇಲಿನ ಗ್ರಾಫಿಕ್ಸ್ ಕಾರ್ಡಿನ ಆಸೆಗೆ ಇದನ್ನೇ ಬಲಿಕೊಡುತ್ತಾನೆ. ಗೋಡೆಯಿಂದ ಬರುವ 230 ವೋಲ್ಟುಗಳನ್ನು ಒಳಗಿನ ಅಂಗಗಳು ತಾಳಬಲ್ಲ 12 ವೋಲ್ಟು ಮೊದಲಾದ ಪ್ರಮಾಣಗಳಿಗೆ ಇಳಿಸಿಕೊಡುವ ಈ ಪೆಟ್ಟಿಗೆ ಕೆಟ್ಟರೆ ತಾನೊಂದೇ ಕೆಡುವುದೆಂಬ ಭರವಸೆಯಿಲ್ಲ. ಜೊತೆಯಲ್ಲಿರುವುವನ್ನೂ ಕೆಡಿಸಿ ಹೋಗಬಹುದು. ಅದರ ಮೇಲೆ ಅಚ್ಚಾಗಿರುವ ವ್ಯಾಟ್ ಸಂಖ್ಯೆ ಒಂದೇ ಪ್ರಮಾಣವಲ್ಲ. 2004ರಲ್ಲಿ ಆರಂಭವಾದ 80 ಪ್ಲಸ್ ಎಂಬ ಪ್ರಮಾಣಪತ್ರವಾದರೂ ತಿಳಿಸುವುದು, ಒಳಬಂದ ವಿದ್ಯುತ್ತಿನಲ್ಲಿ ಎಷ್ಟು ಪಾಲು ಬಿಸಿಯಾಗಿ ವ್ಯರ್ಥವಾಗದೆ ಉಪಯೋಗಕ್ಕೆ ಬರುತ್ತದೆಂಬುದನ್ನು ಮಾತ್ರ; ವೋಲ್ಟೇಜು ಏರಿದಾಗ, ತಂತಿ ಶಾರ್ಟ್ ಆದಾಗ ಅದು ತನ್ನನ್ನು ತಾನೇ ನಿಲ್ಲಿಸಿಕೊಂಡು ಉಳಿದವನ್ನು ಕಾಪಾಡುತ್ತದೆಯೇ ಎಂಬುದು ಆ ಪ್ರಮಾಣಪತ್ರದಿಂದ ತಿಳಿಯುವುದಿಲ್ಲ. ಕಂಪನಿ ಎಷ್ಟು ವರ್ಷದ ವಾರಂಟಿ ಕೊಡುತ್ತದೆಂಬುದನ್ನು ನೋಡುವುದು ಸಾಮಾನ್ಯರಿಗೆ ಸುಲಭವಾದ ಪರೀಕ್ಷೆ: ಐದು, ಏಳು, ಹತ್ತು ವರ್ಷಗಳ ಮಾತು ಕೊಡುವವನು ಒಳಗೆ ಕಳಪೆ ಸಾಮಗ್ರಿಯನ್ನು ಇಟ್ಟು ಬದುಕಲಾರ. ಇನ್ನೊಂದು ಮಾತು. ಕೆಲವು ಎಸ್‌ಎಂಪಿಎಸ್‌ಗಳ ಕೇಬಲುಗಳು ಬಿಚ್ಚಿ ಸಿಕ್ಕಿಸುವಂಥವು. ಒಂದು ಕಂಪನಿಯ ಕೇಬಲು ಮತ್ತೊಂದರ ಪೆಟ್ಟಿಗೆಗೆ ಸರಿಯಾಗಿಯೇ ಕೂಡಿದರೂ ಒಳಗಿನ ತಂತಿಗಳ ಕ್ರಮ ಬೇರೆಯಾಗಿರಬಹುದು. ಹಳೆಯ ಕೇಬಲನ್ನು ಹೊಸದಕ್ಕೆ ಹಾಕಿ ಗುಂಡಿಯೊತ್ತಿದರೆ ಹಾರ್ಡ್ ಡಿಸ್ಕು, ಎಸ್‌ಎಸ್‌ಡಿಗಳು ಕ್ಷಣಮಾತ್ರದಲ್ಲಿ ಸುಟ್ಟುಹೋಗಬಹುದು.

ಕಟ್ಟಿದ ಯಂತ್ರದ ದೀರ್ಘಾಯುಸ್ಸಿಗೆ ನಿದರ್ಶನವೊಂದನ್ನು ಕೊಡಬಹುದು. 2017ರಲ್ಲಿ ಎಎಂಡಿ ಕಂಪನಿ ರೈಜೆನ್ ಪ್ರೊಸೆಸರುಗಳನ್ನು ಎಎಂ4 ಎಂಬ ಸಾಕೆಟ್ಟಿನೊಡನೆ ತಂದಿತು. ಆಗ ಬೋರ್ಡು ಕೊಂಡವರಲ್ಲಿ ಅನೇಕರು ಐದು ವರ್ಷಗಳ ತರುವಾಯ, 2022ರಲ್ಲಿ ಬಂದ ರೈಜೆನ್ 7 5800ಎಕ್ಸ್3ಡಿ ಎಂಬ, ಆಟಗಳ ಮಟ್ಟಿಗೆ ಆ ಕಾಲದ ಶ್ರೇಷ್ಠ ಪ್ರೊಸೆಸರುಗಳಲ್ಲಿ ಒಂದಾಗಿದ್ದುದನ್ನು, ಬಯೋಸನ್ನು ನವೀಕರಿಸಿಕೊಂಡದ್ದರ ಹೊರತು ಮತ್ತೇನನ್ನೂ ಬದಲಿಸದೆ ಅದೇ ಬೋರ್ಡಿನಲ್ಲಿ ಕೂರಿಸಿಕೊಂಡರು. ಹೀಗೆ ಯಂತ್ರ ಒಂದೊಂದು ಅಂಗದಲ್ಲಿ ಹೊಸದಾಗುತ್ತ ಹೋಗುವ ಸೌಕರ್ಯ ಬಿಡಿಭಾಗಗಳ ಮಾನಕ್ಕೆ ನಿಷ್ಠವಾದ ಯಂತ್ರಕ್ಕೆ ಮಾತ್ರ ಲಭ್ಯ.

ಬೆಲೆಯ ಮಾತನ್ನು ಪೂರ್ತಿಯಾಗಿ ಬಿಡಲಾಗದು. ಮಾರುಕಟ್ಟೆ ಶಾಂತವಾಗಿದ್ದ ಕಾಲದಲ್ಲಿ, ಸಮಾನ ಗುಣದ ಅಂಗಗಳನ್ನು ಲೆಕ್ಕ ಹಾಕಿದರೆ, ಕಟ್ಟಿದ್ದೇ ಅಗ್ಗವಾಗುವುದು ವಾಡಿಕೆ. ಆದರೆ 2020ರ ಕೊನೆಯಿಂದ 2022ರವರೆಗೆ ಗ್ರಾಫಿಕ್ಸ್ ಕಾರ್ಡುಗಳಿಗೆ ಬರ ಬಂದಿದ್ದಿತು. ಸಾಂಕ್ರಾಮಿಕದಿಂದ ಚಿಪ್ಪುಗಳ ಕೊರತೆ ಒಂದು ಕಡೆ, ಕ್ರಿಪ್ಟೋ ನಾಣ್ಯಗಳನ್ನು ಗಳಿಸುವವರ ಮುಗಿಬೀಳುವಿಕೆ ಇನ್ನೊಂದು ಕಡೆ ಸೇರಿ, ಬಿಡಿ ಕಾರ್ಡು ನಿಗದಿಯ ಬೆಲೆಗೆ ಕೈಗೆ ಸಿಗದೆ ಹೋದಾಗ, ಸಗಟಾಗಿ ಮೊದಲೇ ಕಾದಿರಿಸಿಕೊಂಡಿದ್ದ ದೊಡ್ಡ ಕಂಪನಿಗಳ ಸಿದ್ಧಯಂತ್ರವೇ ಅಗ್ಗವೆನಿಸಿದ ಪ್ರಸಂಗಗಳು ಕಡಮೆಯಲ್ಲ. 2025ರ ಕೊನೆಯ ತಿಂಗಳುಗಳಲ್ಲಿ ಅದೇ ಸಂಕಟ ರ‍್ಯಾಮಿಗೆ ತಗಲಿತು. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳತೊಡಗಿದುದರಿಂದ ಬಿಡಿ ರ‍್ಯಾಮಿನ ಬೆಲೆ ಗಗನಕ್ಕೇರಿತು. ಮೈಕ್ರಾನ್ ಕಂಪನಿ ಜನಸಾಮಾನ್ಯರಿಗೆ ಪರಿಚಿತವಾಗಿದ್ದ ತನ್ನ ಕ್ರೂಷಿಯಲ್ ಹೆಸರಿನ ಚಿಲ್ಲರೆ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಡಿಸೆಂಬರಿನಲ್ಲಿ ಸಾರಿತು. ಇಂಥ ಕಾಲದಲ್ಲಿ ಕಟ್ಟುವುದೇ ಅಗ್ಗವೆಂಬ ಹಳೆಯ ನಂಬಿಕೆಯನ್ನು ಹಿಡಿದು ಕೂರದೆ, ಕೊಳ್ಳುವ ವಾರದ ಬೆಲೆಗಳನ್ನು ಎರಡೂ ಕಡೆ ಬರೆದು ಕೂಡಿಸಿ ನೋಡುವುದೇ ವಿವೇಕ. ಸಿದ್ಧಯಂತ್ರದ ಬೆಲೆಯಲ್ಲಿ ವಿಂಡೋಸ್ ಪರವಾನಗಿ ಸಾಮಾನ್ಯವಾಗಿ ಸೇರಿರುತ್ತದೆ, ಕಟ್ಟಿದ್ದಕ್ಕೆ ಅದನ್ನು ಬೇರೆಯಾಗಿ ಕೊಳ್ಳಬೇಕು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬಿಲ್ಲಿಲ್ಲದೆ ಕೊಡುತ್ತೇನೆ, ಶೇಕಡ 18ರ ಜಿಎಸ್‌ಟಿ ಉಳಿಯುತ್ತದೆ ಎಂಬ ಮಾತಿಗೆ ಎಂದಿಗೂ ಕಿವಿಗೊಡಬಾರದು. ಬಿಲ್ಲಿಲ್ಲದ ಅಂಗಕ್ಕೆ ವಾರಂಟಿಯ ಮಾತೇ ಇಲ್ಲ. ಅಮೆರಿಕದಲ್ಲಿರುವ ಅಣ್ಣನೋ ಚಿಕ್ಕಮ್ಮನ ಮಗನೋ ರಜೆಗೆ ಬರುವಾಗ ಗ್ರಾಫಿಕ್ಸ್ ಕಾರ್ಡು ತರಿಸಿಕೊಳ್ಳುವ ರೂಢಿಯೂ ನಮ್ಮವರಲ್ಲಿ ಉಂಟು. ಹಲವು ಕಂಪನಿಗಳ ವಾರಂಟಿ ಕೊಂಡ ದೇಶಕ್ಕೆ ಮಾತ್ರ ಸೀಮಿತವೆಂಬುದನ್ನು ಆ ಅಣ್ಣನಿಗೆ ಹೇಳುವ ಮೊದಲೇ ವಿಚಾರಿಸಿಕೊಳ್ಳಬೇಕು.

ವಾರಂಟಿಯ ಪ್ರಸ್ತಾಪ ಬಂದುದರಿಂದ, ಸಿದ್ಧಯಂತ್ರದ ನಿಜವಾದ ಗುಣವನ್ನು ಇಲ್ಲಿಯೇ ಒಪ್ಪಿಕೊಳ್ಳಬೇಕಾಗಿದೆ. ಕಟ್ಟಿದ ಯಂತ್ರದಲ್ಲಿ ಅಂಗಕ್ಕೊಂದು ವಾರಂಟಿ: ಪೆಟ್ಟಿಗೆಯ ಸಮೇತ ಕೊಂಡ ಪ್ರೊಸೆಸರಿಗೆ ಮೂರು ವರ್ಷ, ಗ್ರಾಫಿಕ್ಸ್ ಕಾರ್ಡಿಗೆ ಬಹುಮಟ್ಟಿಗೆ ಮೂರು, ಒಳ್ಳೆಯ ಎಸ್‌ಎಸ್‌ಡಿಗೆ ಐದು. ಕಾಗದದ ಮೇಲೆ ಇದು ಸಿದ್ಧಯಂತ್ರದ ಒಂದು ವರ್ಷಕ್ಕಿಂತ ಎಷ್ಟೋ ಮೇಲು. ಆದರೆ ಕೆಟ್ಟಿರುವುದು ಯಾವುದೆಂದು ಗುರುತಿಸುವ ಹೊಣೆ ಒಡೆಯನದು. ಒಂದನ್ನು ತೆಗೆದು ಇನ್ನೊಂದನ್ನು ಹಾಕಿ ನೋಡುವುದಕ್ಕೆ ಮನೆಯಲ್ಲಿ ಎರಡನೆಯ ಗ್ರಾಫಿಕ್ಸ್ ಕಾರ್ಡಾಗಲಿ ಎಸ್‌ಎಂಪಿಎಸ್ ಆಗಲಿ ಯಾರಲ್ಲಿದೆ? ಗುರುತಿಸಿದ ಮೇಲೆ ಆ ಅಂಗವನ್ನು ಸರ್ವಿಸ್ ಸೆಂಟರಿಗೆ ಕಳುಹಿಸಿ ವಾರಗಟ್ಟಲೆ ಕಾಯಬೇಕು. ಸಿದ್ಧಯಂತ್ರವಾದರೆ ಒಂದೇ ದೂರವಾಣಿ ಸಂಖ್ಯೆ, ಒಬ್ಬನೇ ಉತ್ತರದಾಯಿ. ಮನೆಗೇ ಬಂದು ನೋಡುವ ಸೇವೆಯನ್ನು ಹೆಚ್ಚಿನ ಹಣ ಕೊಟ್ಟು ಮೂರು ವರ್ಷಕ್ಕೆ ವಿಸ್ತರಿಸಿಕೊಳ್ಳಲೂಬಹುದು. ಬೆಂಗಳೂರಿನಲ್ಲಿರುವವನಿಗೆ ಇದು ದೊಡ್ಡ ವಿಷಯವಲ್ಲ. ಬೀದರಿನಲ್ಲೋ ಶೃಂಗೇರಿಯಲ್ಲೋ ಇರುವ, ಈ ವಿದ್ಯೆಯಲ್ಲಿ ಆಸಕ್ತಿಯಾಗಲಿ ಪರಿಚಿತರ ನೆರವಾಗಲಿ ಇಲ್ಲದ ಸಂಸಾರಕ್ಕೆ ಬಹಳ ದೊಡ್ಡ ವಿಷಯ. ಓದಿನ ಕೆಲಸಕ್ಕೂ ಜೀವನೋಪಾಯಕ್ಕೂ ಅದೇ ಯಂತ್ರ ಆಧಾರವಾಗಿದ್ದರಂತೂ ಒಂದು ತಿಂಗಳು ಅದಿಲ್ಲದೆ ಕೂರುವುದು ಆಟದ ಮಾತಲ್ಲ.

ಯಾವ ದಾರಿಯನ್ನು ಹಿಡಿದರೂ ತಪ್ಪದ ಕೆಲವು ಸಂಗತಿಗಳು ನಮ್ಮ ಹವೆಗೂ ನಮ್ಮ ವಿದ್ಯುತ್ತಿಗೂ ಸೇರಿದವು. ಕಲಬುರಗಿಯ ಬೇಸಗೆಯಲ್ಲಿ ನಡೆಯಬೇಕಾದ ಯಂತ್ರಕ್ಕೆ ಮುಂಭಾಗವೆಲ್ಲ ಗಾಜಿನಿಂದ ಮುಚ್ಚಿದ ಶೋಕಿಯ ಕ್ಯಾಬಿನೆಟ್ಟು ಹೇಳಿಸಿದ್ದಲ್ಲ. ಗಾಳಿ ಸರಾಗವಾಗಿ ಒಳಸೇರುವ ಜಾಲರಿ ಮುಖದ್ದೇ ಬೇಕು, ಧೂಳು ತಡೆಯುವ ಪರದೆಯನ್ನು ಆಗಾಗ ತೆಗೆದು ತೊಳೆಯಬೇಕು. ಕರೆಂಟು ಹೋದೊಡನೆ ನೆರವಾಗಲೆಂದು ಕೊಳ್ಳುವ 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟುಗಳ ಆಸುಪಾಸಿನಷ್ಟನ್ನೇ ಹೊರಬಲ್ಲದು. 2022ರ ಆರ್‌ಟಿಎಕ್ಸ್ 4090 ಕಾರ್ಡೊಂದಕ್ಕೇ 450 ವ್ಯಾಟು ಬೇಕು. 115 ವ್ಯಾಟಿನ ಆರ್‌ಟಿಎಕ್ಸ್ 4060ರಂಥ ಮಿತಾಹಾರಿ ಕಾರ್ಡಾದರೆ ಆ ಯುಪಿಎಸ್ ಆಟವನ್ನು ಸೇವ್ ಮಾಡಿ ಯಂತ್ರವನ್ನು ನಿಲ್ಲಿಸುವಷ್ಟು ಹೊತ್ತು ಕೊಡಬಹುದು. ಕ್ಯಾಬಿನೆಟ್ಟಿನ ಲೋಹವನ್ನು ಮುಟ್ಟಿದಾಗ ಬೆರಳಿಗೆ ಜುಮ್ಮೆನ್ನುವುದಾದರೆ ಅದು ಮನೆಯ ಅರ್ಥಿಂಗ್ ಸರಿಯಿಲ್ಲವೆಂಬುದರ ಸೂಚನೆ. ಆ ದಿನವೇ ಎಲೆಕ್ಟ್ರಿಷಿಯನ್ನನ್ನು ಕರೆಸಬೇಕು.

ಹೀಗೆ ತೂಗಿನೋಡಿದಾಗ ನನಗೆ ತೋರುವ ನಿರ್ಣಯ ಇದು. ಕಲಿಯುವ ಕುತೂಹಲವಿರುವ ಮಕ್ಕಳಿರುವ ಮನೆಗೆ ಸ್ವಹಸ್ತದ ಯಂತ್ರ. ಕುತೂಹಲವಿದ್ದೂ ಧೈರ್ಯ ಸಾಲದವರಿಗೆ, ತಾವೇ ಆರಿಸಿ ಅಂಗಡಿಯಲ್ಲಿ ಕಣ್ಣೆದುರಿಗೆ ಜೋಡಿಸಿಕೊಂಡದ್ದು. ಎರಡೂ ಒಲ್ಲದವರಿಗೆ, ಮತ್ತು ನೆರವಿಗೆ ದೂರವಿರುವವರಿಗೆ, ಮನೆಬಾಗಿಲ ಸೇವೆಯಿರುವ ಸಿದ್ಧಯಂತ್ರ. ಆದರೆ ಯಾವುದನ್ನೇ ಕೊಳ್ಳಿ, ಹಣ ಕೊಡುವ ಮೊದಲು ಎಸ್‌ಎಂಪಿಎಸ್ ಮತ್ತು ಮದರ್‌ಬೋರ್ಡಿನ ಕಂಪನಿ ಹಾಗೂ ಮಾದರಿ, ರ‍್ಯಾಮ್ ಪಟ್ಟಿಗಳ ಸಂಖ್ಯೆ, ಗ್ರಾಫಿಕ್ಸ್ ಕಾರ್ಡಿನ ಮೆಮೊರಿಯ ಪ್ರಮಾಣ, ಇವಿಷ್ಟನ್ನೂ ಬಿಲ್ಲಿನಲ್ಲಿ ಬರೆದುಕೊಡಿ ಎಂದು ಕೇಳಿ. ಬರೆದುಕೊಡಲು ಹಿಂಜರಿಯುವವನು ದೊಡ್ಡ ಕಂಪನಿಯಾದರೂ ಸರಿ, ಬೀದಿಯ ಮೂಲೆಯ ಅಂಗಡಿಯವನಾದರೂ ಸರಿ, ಅವನಿಂದ ಕೊಳ್ಳಬೇಡಿ.